ಸಲೈನ್ ಸ್ತನ ಇಂಪ್ಲಾಂಟ್: ಮಂಗಳೂರು, ಉಡುಪಿ ಕಡೆಯವರು ಹಾಕಿಸಿಕೊಳ್ಳುವ ಮೊದಲು ನೋಡಬೇಕಾದ್ದು

ಸಲೈನ್ ಇಂಪ್ಲಾಂಟ್ ಎಂದರೆ ಸಿಲಿಕೋನ್ ರಬ್ಬರಿನ ತೆಳು ಚೀಲ, ಅದರೊಳಗೆ ಉಪ್ಪುನೀರು. ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್ ಹಾಕುವಾಗ ಬಳಸುವುದೂ ಇದೇ ನೀರು: ಲೀಟರಿಗೆ 9 ಗ್ರಾಂ ಉಪ್ಪು, ಅಂದರೆ ಶೇ. 0.9. ಅರಬ್ಬೀ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಇದು ಅದರ ಕಾಲು ಪಾಲು, ನಮ್ಮ ರಕ್ತಕ್ಕೆ ಒಗ್ಗುವಷ್ಟು. ಚೀಲ ಒಡೆದರೆ ನೀರನ್ನು ಮೈ ಹೀರಿಕೊಳ್ಳುತ್ತದೆ, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಒಳಗಿನ ವಸ್ತುವಿನ ಬಗ್ಗೆ ಹೆದರಿಕೆ ಇರುವವರು ಸಲೈನ್ ಕೇಳಿಕೊಂಡು ಬರುವುದು ಇದೊಂದೇ ಕಾರಣಕ್ಕೆ, ಮತ್ತು ಆ ಕಾರಣ ಸರಿಯಾದದ್ದೇ.

ಆದರೆ ಎಲ್ಲರಿಗೂ ಇದು ಹೊಂದುವುದಿಲ್ಲ. ಸ್ವಂತ ಸ್ತನದ ಗ್ರಂಥಿ, ಕೊಬ್ಬು ಸಾಕಷ್ಟು ದಪ್ಪ ಇರುವವರಿಗೆ ಸಲೈನ್ ಒಳ್ಳೆಯ ವಸ್ತು. ತೀರಾ ಸಪೂರ ಮೈಯವರಿಗೆ ನಾವು ಶಿಫಾರಸು ಮಾಡುವುದಿಲ್ಲ. ಯಾಕೆಂದು ತಿಳಿಯಲು ಮನೆಯ ಫ್ರಿಜ್‌ನಲ್ಲಿರುವ ಅರ್ಧ ಲೀಟರಿನ ನಂದಿನಿ ಹಾಲಿನ ಪ್ಯಾಕೆಟ್ ಸಾಕು. ಒಡೆಯದ ಪ್ಯಾಕೆಟನ್ನು ಮೇಲಿನ ಅಂಚಿನಲ್ಲಿ ಹಿಡಿದು ನೇತಾಡಿಸಿ. ಹಾಲು ಕೆಳಗೆ ಇಳಿಯುತ್ತದೆ, ಮೇಲ್ಭಾಗದಲ್ಲಿ ಪ್ಲಾಸ್ಟಿಕ್ ಉದ್ದಕ್ಕೆ ನೆರಿಗೆ ಕಟ್ಟುತ್ತದೆ. ನೀರು ತುಂಬಿದ ಚೀಲ ನಿಂತಾಗ ಆಗುವುದೂ ಇದೇ. ಈಗ ಪ್ಯಾಕೆಟ್ ಮೇಲೆ ತೆಳು ಸೀರೆಯ ಸೆರಗು ಹೊದಿಸಿ ಕೈಯಾಡಿಸಿ, ನೆರಿಗೆ ಬೆರಳಿಗೆ ಸಿಗುತ್ತದೆ. ದಪ್ಪ ಕಂಬಳಿ ಹೊದಿಸಿ ಮುಟ್ಟಿ, ಸಿಗುವುದಿಲ್ಲ. ನಿಮ್ಮ ಮೈ ಸೆರಗೋ ಕಂಬಳಿಯೋ ಎನ್ನುವುದರ ಮೇಲೆಯೇ ಸಲೈನ್ ನಿಮಗೆ ಹೊಂದುತ್ತದೋ ಇಲ್ಲವೋ ಎಂಬುದು ನಿಂತಿದೆ.

ಸರ್ಜನರು ಇದನ್ನು ಅಳೆದೇ ನೋಡುತ್ತಾರೆ. ಸ್ತನದ ಮೇಲ್ಭಾಗವನ್ನು ಎರಡು ಬೆರಳಿನಲ್ಲಿ ಹಗುರವಾಗಿ ಚಿವುಟಿ ಹಿಡಿದು, ಆ ಮಡಿಕೆಯ ದಪ್ಪ ಎಷ್ಟೆಂದು ಕ್ಯಾಲಿಪರ್‌ನಲ್ಲಿ ನೋಡುವುದು. 2 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಕೆಳಗೆ ಕೂರಿಸುವುದು ರೂಢಿ, ಹೊದಿಕೆ ಒಂದು ಪದರ ಹೆಚ್ಚಲಿ ಎಂದು. ಆದರೆ ಸ್ನಾಯು ಸಾಮಾನ್ಯವಾಗಿ ಮೇಲಿನ ಭಾಗವನ್ನು ಮಾತ್ರ ಮುಚ್ಚುತ್ತದೆ. ಕೆಳಗೆ, ಪಕ್ಕೆಯ ಕಡೆ ಚರ್ಮವೇ ಹೊದಿಕೆ. ಸಪೂರದವರಿಗೆ ಬಗ್ಗಿದಾಗ ಅಲ್ಲಿಯೇ ಅಲೆಅಲೆಯಾಗಿ ಕಾಣುವುದು, ಮುಟ್ಟಿದರೆ ಅಂಚು ಸಿಗುವುದು. ಮೊದಲ ಭೇಟಿಯಲ್ಲಿ ಈ ಚಿವುಟಿನ ಅಳತೆ ತೆಗೆಯದೆ "ನಿಮಗೆ 350 ಸಿಸಿ ಹಾಕೋಣ" ಎಂದು ಯಾರಾದರೂ ಹೇಳಿದರೆ ಅಲ್ಲಿ ಮುಂದಿನ ದಿನಾಂಕ ತೆಗೆದುಕೊಳ್ಳಬೇಡಿ.

ನೆರಿಗೆ ಹೆಚ್ಚುವುದಕ್ಕೆ ಇನ್ನೊಂದು ಕಾರಣ ನೀರು ಕಡಿಮೆ ತುಂಬುವುದು. ಪ್ರತಿ ಚೀಲದ ಪೆಟ್ಟಿಗೆಯ ಮೇಲೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಬರೆದಿರುತ್ತದೆ. 300 ಸಿಸಿಯ (ಸಿಸಿ ಎಂದರೂ ಎಂ.ಎಲ್. ಎಂದರೂ ಒಂದೇ) ಚೀಲದ ಮೇಲೆ 300ರಿಂದ 330 ಎಂದಿದ್ದರೆ ಆ ಎರಡು ಸಂಖ್ಯೆಯ ನಡುವೆಯೇ ತುಂಬಬೇಕು. ಮೆತ್ತಗಿರಲಿ ಎಂದು 270ಕ್ಕೆ ನಿಲ್ಲಿಸಿದರೆ ಚೀಲ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಚಿಕೊಳ್ಳುತ್ತದೆ. ಕಾಗದವನ್ನು ಒಂದೇ ಕಡೆ ಮಡಚಿ ಬಿಚ್ಚಿದರೆ ಅಲ್ಲಿಯೇ ಹರಿಯುವ ಹಾಗೆ, ಸಿಲಿಕೋನ್ ಗೋಡೆಯೂ ಆ ಗೆರೆಯಲ್ಲಿ ಸವೆದು ಸೋರುತ್ತದೆ. ಗರಿಷ್ಠ ಮೀರಿ ತುಂಬಿದರೆ ಅಂಚು ಚಿಪ್ಪಿನಂತೆ ಸುಕ್ಕುಗಟ್ಟುತ್ತದೆ, ಚೆಂಡಿನಂತೆ ಗಟ್ಟಿಯಾಗುತ್ತದೆ. ಎರಡೂ ಕಂಪನಿಯ ಸೂಚನೆಗೆ ವಿರುದ್ಧ. ಚೀಲ ಸೋರಿದಾಗ ವಾರಂಟಿ ಕೇಳಲು ಹೋದರೆ ಮೊದಲು ತೆಗೆದು ನೋಡುವುದು ತುಂಬಿದ ಪ್ರಮಾಣದ ದಾಖಲೆಯನ್ನೇ.

ತುಂಬುವ ಕೆಲಸ ಆಪರೇಷನ್ ಥಿಯೇಟರಿನಲ್ಲೇ ನಡೆಯುತ್ತದೆ. ಸಲೈನ್‌ನ ಮುಖ್ಯ ಅನುಕೂಲ ಇಲ್ಲಿಯೇ ಇದೆ. ಚೀಲದೊಳಗಿನ ಗಾಳಿ ಪೂರ್ತಿ ತೆಗೆದು, ಬೀಡಿ ಸುತ್ತಿದ ಹಾಗೆ ಸುರುಳಿ ಸುತ್ತಿ ಸಣ್ಣ ಗಾಯದ ಮೂಲಕ ಒಳಗೆ ಸೇರಿಸುತ್ತಾರೆ. ಸಿಲಿಕೋನ್ ಜೆಲ್ ತುಂಬಿಯೇ ಬರುವ ಇನ್ನೊಂದು ಬಗೆಯ ಇಂಪ್ಲಾಂಟಿಗೆ, ಅಂದರೆ ಜೆಲ್‌ಗೆ ಇದಕ್ಕಿಂತ ಉದ್ದದ ಗಾಯ ಬೇಕು. ಚೀಲದ ಮುಂಭಾಗದಲ್ಲಿ ಒಂದು ವಾಲ್ವ್, ಅದಕ್ಕೆ ಸಣ್ಣ ಟ್ಯೂಬ್, ಟ್ಯೂಬಿಗೆ ಮೂರು ದಾರಿಯ ಕೀಲಿ, ಒಂದು ಕಡೆ ದೊಡ್ಡ ಸಿರಿಂಜ್, ಇನ್ನೊಂದು ಕಡೆ ಹೊಸದಾಗಿ ಚುಚ್ಚಿದ ಸಲೈನ್ ಬ್ಯಾಗ್. ನೀರು ಬ್ಯಾಗಿನಿಂದ ಸಿರಿಂಜಿಗೆ, ಸಿರಿಂಜಿನಿಂದ ಚೀಲಕ್ಕೆ ಹೋಗುತ್ತದೆ, ನಡುವೆ ಎಲ್ಲಿಯೂ ಗಾಳಿಗೆ ತೆರೆದುಕೊಳ್ಳುವುದಿಲ್ಲ. ಬಟ್ಟಲಿಗೆ ಸುರಿದು ಸಿರಿಂಜಿನಲ್ಲಿ ಎಳೆಯುವ ಪದ್ಧತಿ ತಪ್ಪು. ಹಾಗೆ ಮಾಡಿದ ಕಡೆ ಚೀಲದೊಳಗೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ನಮ್ಮಲ್ಲಿ ಎಲ್ಲ ಡ್ರಿಪ್ಪಿಗೂ ಗ್ಲೂಕೋಸ್ ಎನ್ನುವ ಅಭ್ಯಾಸ ಇದೆ. ಇಲ್ಲಿ ಮಾತ್ರ ಗ್ಲೂಕೋಸ್ ಸೇರಿದ ಡಿಎನ್ಎಸ್ ಅಲ್ಲ, ಬರೀ ಎನ್ಎಸ್ (ನಾರ್ಮಲ್ ಸಲೈನ್) ಬೇಕು. ಚೀಲದೊಳಗೆ ಆಂಟಿಬಯಾಟಿಕ್, ಅಯೋಡಿನ್ ಯಾವುದನ್ನೂ ಬೆರೆಸುವ ಹಾಗಿಲ್ಲ.

ತುಂಬಿ ಆದ ಮೇಲೆ ಟ್ಯೂಬ್ ಎಳೆದರೆ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಅದರ ಮೇಲೆ ಪಟ್ಟಿಯ ಮುಚ್ಚಳ ಒತ್ತುತ್ತಾರೆ. ವಾಲ್ವಿನ ಬಾಯಲ್ಲಿ ಒಂದು ಚೂರು ಅಂಗಾಂಶ ಸಿಕ್ಕಿಕೊಂಡರೂ ಸಾಕು, ಕೆಲವೇ ದಿನಗಳಲ್ಲಿ ಸೋರಲು ಶುರು. ಹೊಲಿಗೆ ಹಾಕುವಾಗ ಸೂಜಿ ತಾಗಿದರೂ ಅಷ್ಟೇ. ಮೊದಲ ತಿಂಗಳಲ್ಲೇ ಇಳಿಯುವ ಚೀಲಗಳನ್ನು ಕಂಡಾಗ ಮೊದಲು ಸಂಶಯ ಬರುವುದು ಇವೆರಡರ ಮೇಲೆ. ಒಳಗೆ ಸ್ವಲ್ಪ ಗಾಳಿ ಉಳಿದರೆ ನಡೆಯುವಾಗ ಎಳನೀರು ಅಲುಗಿಸಿದ ಹಾಗೆ ಸದ್ದು ಬರುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ, ಕೆಲವು ವಾರಗಳಲ್ಲಿ ಗಾಳಿ ಹೀರಿಹೋಗುತ್ತದೆ.

ಎರಡು ಸ್ತನಗಳು ಸಮ ಇಲ್ಲದವರಿಗೆ ಈ ತುಂಬುವ ವ್ಯವಸ್ಥೆ ತುಂಬಾ ಉಪಕಾರಿ. ಟೇಬಲ್ಲಿನ ತಲೆಭಾಗ ಎತ್ತಿ ರೋಗಿಯನ್ನು ಕೂತ ಭಂಗಿಗೆ ತಂದು, ಒಂದು ಕಡೆಗೆ 305, ಇನ್ನೊಂದು ಕಡೆಗೆ 325 ಎಂದು ಅಲ್ಲಿಯೇ ಹೊಂದಿಸಬಹುದು. ಜೆಲ್‌ನಲ್ಲಿ ಈ ಸೌಕರ್ಯ ಇಲ್ಲ. ಪೆಟ್ಟಿಗೆಯಲ್ಲಿ ಬಂದ ಗಾತ್ರವೇ ಗಾತ್ರ. ಮೆಂಟರ್ ಕಂಪನಿ ಸ್ಪೆಕ್ಟ್ರಮ್ ಎಂಬ ಇನ್ನೊಂದು ಮಾದರಿ ಮಾಡಿತ್ತು. ಅದರಲ್ಲಿ ಚರ್ಮದಡಿ ಸಣ್ಣ ಪೋರ್ಟ್ ಇಟ್ಟು, ಆಪರೇಷನ್ ಆದ ಆರು ತಿಂಗಳವರೆಗೂ ಸೂಜಿಯಲ್ಲಿ ನೀರು ಸೇರಿಸಬಹುದಿತ್ತು, ತೆಗೆಯಬಹುದಿತ್ತು. ಒಳಗೆ ಪದರ ಪದರ ಗೋಡೆಗಳಿದ್ದು ನೀರು ತುಳುಕದಂತೆ ತಡೆಯುವ ಐಡಿಯಲ್ ಇಂಪ್ಲಾಂಟ್ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ನೆರಿಗೆಯ ತೊಂದರೆಗೆ ಅದು ಒಳ್ಳೆಯ ಉತ್ತರವೇ ಆಗಿತ್ತು, ಆದರೆ ಕಂಪನಿಯೇ ಮುಚ್ಚಿಹೋಯಿತು. ಹಳೆಯ ಲೇಖನ ಓದಿ ಅದನ್ನು ಹುಡುಕಿಕೊಂಡು ಹೋಗುವುದು ಬೇಡ.

ಸಲೈನ್ ಮತ್ತು ಜೆಲ್ ಎರಡರ ಹೊರಚೀಲವೂ ಸಿಲಿಕೋನ್. "ನನಗೆ ಸಿಲಿಕೋನೇ ಬೇಡ, ಅದಕ್ಕೆ ಸಲೈನ್" ಎನ್ನುವವರು ಇದನ್ನು ಗಮನಿಸಬೇಕು. ಜೆಲ್ ತುಂಬಿದ ಮೊದಲ ಇಂಪ್ಲಾಂಟ್ 1962ರಲ್ಲಿ ಹ್ಯೂಸ್ಟನ್‌ನಲ್ಲಿ ಆಯಿತು, ಸಲೈನ್ 1964ರಲ್ಲಿ ಫ್ರಾನ್ಸಿನಲ್ಲಿ. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೌಂದರ್ಯಕ್ಕಾಗಿ ಜೆಲ್ ಹಾಕುವುದನ್ನು ತಡೆದಾಗ ಅಲ್ಲಿ ಸಲೈನೇ ಎಲ್ಲರ ಆಯ್ಕೆಯಾಯಿತು. 2006ರಲ್ಲಿ ಜೆಲ್‌ಗೆ ಮತ್ತೆ ಅನುಮತಿ ಸಿಕ್ಕ ಮೇಲೆ ಸಲೈನ್ ಹಿಂದೆ ಬಿತ್ತು. ಭಾರತದಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಜೆಲ್. ಹಾಗಾಗಿ ಮಂಗಳೂರಿನಲ್ಲಿ ಸಲೈನ್ ಬೇಕೆಂದರೆ ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಿ. ತರಿಸಲು ಎಷ್ಟು ದಿನ, ಅಳತೆ ಹೊಂದದಿದ್ದರೆ ಬದಲಿ ಚೀಲ ಥಿಯೇಟರಿನಲ್ಲಿ ಇರುತ್ತದೆಯೇ, ಈ ಸರ್ಜನರು ಸಲೈನ್ ತುಂಬಿದ ಅನುಭವ ಎಷ್ಟು ಎಂದು ಕೇಳಿ. ಜೆಲ್‌ನಲ್ಲಿ ಪಳಗಿದ ಕೈಗೆ ಸಲೈನ್ ಹೊಸದಾಗಿದ್ದರೆ, ಅವರಿಗೆ ಗೊತ್ತಿರುವ ಜೆಲ್ ಹಾಕಿಸಿಕೊಳ್ಳುವುದೇ ಮೇಲು.

ಒಡೆದಾಗ ತಿಳಿಯುವುದು ಸಲೈನ್‌ನ ದೊಡ್ಡ ಗುಣ. ಜೆಲ್ ಒಳಗೇ ಒಡೆದು ವರ್ಷಗಟ್ಟಲೆ ಗೊತ್ತಾಗದೆ ಇರಬಹುದು. ಅದಕ್ಕಾಗಿಯೇ ಜೆಲ್ ಹಾಕಿಸಿದವರು ಐದಾರು ವರ್ಷವಾದಾಗ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಎಫ್‌ಡಿಎ ಹೇಳುತ್ತದೆ. ಸಲೈನ್‌ಗೆ ಆ ಖರ್ಚು ಇಲ್ಲ. ಬೆಳಿಗ್ಗೆ ಕನ್ನಡಿ ನೋಡಿದಾಗ ಒಂದು ಕಡೆ ಇಳಿದಿದ್ದರೆ ವಿಷಯ ಸ್ಪಷ್ಟ. ಕೆಲವೊಮ್ಮೆ ಒಂದೆರಡು ದಿನದಲ್ಲಿ ಪೂರ್ತಿ ಚಪ್ಪಟೆ, ಕೆಲವೊಮ್ಮೆ ವಾರಗಟ್ಟಲೆ ನಿಧಾನ. ನೀರಿನಿಂದ ಅಪಾಯ ಇಲ್ಲ, ಆದರೆ ತಡ ಮಾಡಬಾರದು. ಇಂಪ್ಲಾಂಟ್ ಸುತ್ತ ಮೈ ಕಟ್ಟಿಕೊಂಡ ಪೊರೆ, ಒಳಗಿನ ಒತ್ತಡ ಹೋದ ಮೇಲೆ ಕುಗ್ಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಹೊಸ ಚೀಲಕ್ಕೆ ಜಾಗ ಬಿಡಿಸುವ ದೊಡ್ಡ ಆಪರೇಷನ್ನೇ ಬೇಕಾಗುತ್ತದೆ. ಬೇಗ ಹೋದರೆ ಕೆಲಸ ಸಣ್ಣದರಲ್ಲಿ ಮುಗಿಯುತ್ತದೆ.

"ಒಮ್ಮೆ ಹಾಕಿದರೆ ಮತ್ತೆ ನೋಡ್ಲಿಕ್ಕಿಲ್ಲ ಅಲ್ವಾ ಡಾಕ್ಟ್ರೇ?" ಎಂದು ಕೇಳುವವರು ಬಹಳ. ನೋಡಲಿಕ್ಕಿದೆ. ಸಲೈನ್ ಆಗಲಿ ಜೆಲ್ ಆಗಲಿ, ಜೀವಮಾನಕ್ಕೆ ಬಾಳುವ ವಸ್ತು ಅಲ್ಲ. ಸೌಂದರ್ಯಕ್ಕಾಗಿ ಹಾಕಿಸಿಕೊಂಡವರಲ್ಲಿ ಐವರಿಗೆ ಒಬ್ಬರವರೆಗೆ 8ರಿಂದ 10 ವರ್ಷದೊಳಗೆ ತೆಗೆಸಬೇಕಾಗಿ ಬರಬಹುದು ಎಂದು ಎಫ್‌ಡಿಎ ಎಚ್ಚರಿಸಿದೆ. 25ರ ವಯಸ್ಸಿನಲ್ಲಿ ಹಾಕಿಸುವವರು ಇನ್ನೂ ಒಂದೆರಡು ಆಪರೇಷನ್ನಿನ ಖರ್ಚನ್ನು ಇವತ್ತೇ ಲೆಕ್ಕಕ್ಕೆ ಹಿಡಿದುಕೊಳ್ಳಬೇಕು.

ಮೇಲ್ಮೈ ವಿಷಯದಲ್ಲಿ ನಮಗೆ ಎರಡು ಅಭಿಪ್ರಾಯ ಇಲ್ಲ: ನಯವಾದದ್ದೇ ಇರಲಿ. ಒರಟು ಮೇಲ್ಮೈಯ ಚೀಲಗಳಿಗೂ ಬಿಐಎ-ಎಎಲ್‌ಸಿಎಲ್ ಎಂಬ ಲಿಂಫೋಮಾ ಕ್ಯಾನ್ಸರಿಗೂ ನಂಟು ಕಂಡುಬಂದು, 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಒರಟು ಇಂಪ್ಲಾಂಟುಗಳನ್ನೂ ಚರ್ಮ ಹಿಗ್ಗಿಸಲು ಇಡುವ ಎಕ್ಸ್‌ಪಾಂಡರುಗಳನ್ನೂ ಜಗತ್ತಿನಾದ್ಯಂತ ವಾಪಸು ಪಡೆಯಿತು. ಕಾಯಿಲೆ ಅಪರೂಪ, ಒಳಗಿರುವುದು ನೀರೋ ಜೆಲ್ಲೋ ಎನ್ನುವುದರ ಮೇಲೆ ನಿಂತಿಲ್ಲ. ಹಾಕಿಸಿ ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ ಸುತ್ತಲಿನ ದ್ರವವನ್ನು ಸೂಜಿಯಲ್ಲಿ ತೆಗೆದು ಈ ಲಿಂಫೋಮಾ ಗುರುತಿಸುವ ಸಿಡಿ30 ಪರೀಕ್ಷೆಗೆ ಕಳಿಸಬೇಕು. ಬರೀ ನೀರು ತೆಗೆದು ಮನೆಗೆ ಕಳಿಸಿದರೆ ಸಾಲದು.

ನಮ್ಮ ಊರುಗಳಲ್ಲಿ ಸಲೈನ್ ಹೆಚ್ಚಾಗಿ ಕಾಣುವುದು ಬೇರೆಯೇ ಒಂದು ಕಡೆ: ಸ್ತನ ಕ್ಯಾನ್ಸರಿಗೆ ಆಪರೇಷನ್ ಆದವರ ಎಕ್ಸ್‌ಪಾಂಡರಿನಲ್ಲಿ. ಸ್ತನ ತೆಗೆದ ಮೇಲೆ ಚರ್ಮ ಬಿಗಿದಿರುತ್ತದೆ, ನೇರವಾಗಿ ಇಂಪ್ಲಾಂಟ್ ಇಡಲು ಜಾಗ ಸಾಲದು. ಆಗ ಖಾಲಿ ಇಲ್ಲವೇ ಅರೆ ತುಂಬಿದ ಚೀಲ ಇಟ್ಟು, ಗಾಯ ಒಣಗಿದ ಎರಡು ಮೂರು ವಾರದ ನಂತರ ಒಪಿಡಿಯಲ್ಲೇ ತುಂಬಲು ಶುರು ಮಾಡುತ್ತಾರೆ. ಚೀಲದ ಪೋರ್ಟಿನಲ್ಲಿ ಸಾಮಾನ್ಯವಾಗಿ ಆಯಸ್ಕಾಂತ ಇರುತ್ತದೆ. ಚರ್ಮದ ಮೇಲೆ ಹಿಡಿದ ಸಣ್ಣ ಸೂಚಕ ಅದರ ನೇರಕ್ಕೆ ಬಂದಾಗ ನೆಟ್ಟಗೆ ನಿಲ್ಲುತ್ತದೆ, ಅಲ್ಲಿ ಗುರುತು ಹಾಕಿ ಸಪೂರ ಸೂಜಿ ಚುಚ್ಚುತ್ತಾರೆ. ಒಂದು ಸಲಕ್ಕೆ 50ರಿಂದ 100 ಎಂ.ಎಲ್., ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಚರ್ಮ ಬೆಳ್ಳಗಾದರೆ, ಬಿಗಿತ ತಡೆಯಲಾಗದಿದ್ದರೆ ಅಲ್ಲಿಗೆ ನಿಲ್ಲಿಸಬೇಕು, ಬೇಕಿದ್ದರೆ ವಾಪಸು ಎಳೆಯಬೇಕು. ನೋವು ಸಹಿಸಿಕೊಂಡು ಸುಮ್ಮನೆ ಕೂರಬೇಡಿ, ಹೇಳಿ. ಬೇಕಾದ ಗಾತ್ರ ಬಂದು ಚರ್ಮ ಒಗ್ಗಿಕೊಂಡ ಮೇಲೆ ಎಕ್ಸ್‌ಪಾಂಡರ್ ತೆಗೆದು ಕಾಯಂ ಇಂಪ್ಲಾಂಟ್.

ಈ ಆಯಸ್ಕಾಂತ ಒಳಗಿರುವವರೆಗೆ ಎಂಆರ್‌ಐ ಮಾಡಿಸುವ ಹಾಗಿಲ್ಲ. ಬೆನ್ನುನೋವಿಗೆ ಬೇರೆ ಆಸ್ಪತ್ರೆಗೆ ಹೋದಾಗ ಇದನ್ನು ಹೇಳಲು ಮರೆಯುವವರಿದ್ದಾರೆ, ಮನೆಯವರಿಗೂ ತಿಳಿಸಿಡಿ. ರೇಡಿಯೇಷನ್ ಇದೆಯೇ ಎಂಬುದೂ ಮುಖ್ಯ. ರೇಡಿಯೇಷನ್ ಆದ ಚರ್ಮದಡಿ ಇಂಪ್ಲಾಂಟ್ ಸುತ್ತಲಿನ ಪೊರೆ ಗಟ್ಟಿಯಾಗಿ ಹಿಂಡುವ ತೊಂದರೆ ಹೆಚ್ಚು, ಗಾಯ ಬಿಟ್ಟುಕೊಳ್ಳುವುದೂ ಹೆಚ್ಚು. ಅಂಥವರಿಗೆ ಬೆನ್ನಿನ ಅಥವಾ ಹೊಟ್ಟೆಯ ಸ್ವಂತ ಅಂಗಾಂಶ ತಂದು ಕಟ್ಟುವ ಆಪರೇಷನ್ ದೊಡ್ಡದಾದರೂ ಬಾಳಿಕೆಯಲ್ಲಿ ಗೆಲ್ಲುತ್ತದೆ. ಕ್ಯಾನ್ಸರ್ ವೈದ್ಯರು, ಪ್ಲಾಸ್ಟಿಕ್ ಸರ್ಜನರು ಇಬ್ಬರೂ ಒಟ್ಟಿಗೆ ಕೂತು ಮಾತಾಡುವ ವ್ಯವಸ್ಥೆ ಇರುವ ಕಡೆಗೆ ಹೋಗಿ ಎನ್ನುವುದು ಇದಕ್ಕೇ; ಮಣಿಪಾಲ, ದೇರಳಕಟ್ಟೆ, ಕಂಕನಾಡಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ. ಆಪರೇಷನ್ನೇ ಬೇಡ ಎನ್ನುವವರಿಗೆ ಬ್ರಾದೊಳಗೆ ಇಡುವ ಪ್ರೋಸ್ಥೆಸಿಸ್ ಇದೆ, ಅದೂ ಗೌರವದ ಆಯ್ಕೆಯೇ.

ಗಾತ್ರ ಆರಿಸುವಾಗ ಸಿಸಿಗಿಂತ ಮೊದಲು ಅಗಲ ನೋಡಬೇಕು. ಸ್ತನದ ಬುಡ 12 ಸೆಂಟಿಮೀಟರ್ ಅಗಲ ಇದ್ದರೆ ಚೀಲದ ಬುಡ ಅದಕ್ಕಿಂತ ತುಸು ಕಡಿಮೆಯೇ ಇರಬೇಕು. ಹೆಚ್ಚಾದರೆ ಕಂಕುಳಿನ ಕಡೆ ಚಾಚುತ್ತದೆ, ಇಲ್ಲವೇ ನಡುವೆ ಎರಡೂ ಕೂಡಿಕೊಳ್ಳುತ್ತವೆ. ಅದೇ ಅಗಲದಲ್ಲಿ ಉಬ್ಬು ಹೆಚ್ಚು ಬೇಕಾದರೆ ಹೈ ಪ್ರೊಫೈಲ್, ಸಾಧಾರಣ ಸಾಕಾದರೆ ಮಾಡರೇಟ್. ಮನೆಯಲ್ಲಿ ಪರೀಕ್ಷಿಸಲು ಎರಡು ತೆಳು ಕಾಲುಚೀಲಕ್ಕೆ ಅಳತೆ ಲೋಟದಲ್ಲಿ 300 ಎಂ.ಎಲ್. ಮಟ್ಟದವರೆಗೆ ಕುಚ್ಚಲಕ್ಕಿ ತುಂಬಿ, ಗಂಟು ಕಟ್ಟಿ, ಮೆತ್ತಗಿನ ಬ್ರಾದೊಳಗೆ ಇಟ್ಟುಕೊಂಡು ಎರಡು ದಿನ ಓಡಾಡಿ. ರವಕೆ, ಚೂಡಿದಾರ್ ಹೇಗೆ ಕೂರುತ್ತದೆ ಎಂದು ಗೊತ್ತಾಗುತ್ತದೆ. ಭಾರ ಮಾತ್ರ ಅಕ್ಕಿಯಲ್ಲಿ ತಿಳಿಯುವುದಿಲ್ಲ, ಅಕ್ಕಿ ನೀರಿಗಿಂತ ಹಗುರ. 300 ಸಿಸಿಯ ಎರಡು ಚೀಲ ಎಂದರೆ 600 ಗ್ರಾಂ ದಾಟಿತು, ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟಿಗಿಂತ ಹೆಚ್ಚು. ಇಷ್ಟು ಭಾರವನ್ನು ಚರ್ಮ, ಭುಜ ದಿನವಿಡೀ ಹೊರಬೇಕು.

ದಿನಾಂಕ ಇಟ್ಟುಕೊಳ್ಳುವಾಗ ನಮ್ಮ ಹವೆಯನ್ನು ಮರೆಯಬಾರದು. ಸ್ತನದ ಕೆಳಮಡಿಕೆಯಲ್ಲಿ ಗಾಯ ಇದ್ದರೆ ಏಪ್ರಿಲ್, ಮೇ ತಿಂಗಳ ಬೆವರಿನಲ್ಲಿ ಆ ಜಾಗ ಒಣಗುವುದೇ ಇಲ್ಲ. ಜೂನ್, ಜುಲೈಯಲ್ಲಿ ಒಗೆದ ಬ್ರಾ ಎರಡು ದಿನವಾದರೂ ಒಣಗುವುದಿಲ್ಲ. ಒದ್ದೆ ಬಟ್ಟೆ ಕಟ್ಟಿಕೊಂಡರೆ ಚರ್ಮ ಕೆಂಪಾಗಿ ತುರಿಕೆ, ಟೇಪ್ ಕಿತ್ತು ಬರುವುದು, ಅಲ್ಲಿಂದ ಸೋಂಕು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲೇ ಆಗಬೇಕೆಂದರೆ ತಂತಿ ಇಲ್ಲದ, ಮುಂದೆ ಹುಕ್ ಇರುವ ಸಪೋರ್ಟ್ ಬ್ರಾ ನಾಲ್ಕಾದರೂ ಇಟ್ಟುಕೊಳ್ಳಿ, ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ತೊಡಿ.

ಸ್ನಾಯುವಿನ ಕೆಳಗೆ ಹಾಕಿಸಿದವರು ಆರು ವಾರ ದೂರ ಇಡಬೇಕಾದ ಮನೆಗೆಲಸ ಮೂರಿವೆ: ಬಾವಿಯಿಂದ ನೀರು ಸೇದುವುದು, ಮಣೆಯಲ್ಲಿ ಕಾಯಿ ತುರಿಯುವುದು, ಕಲ್ಲಿನಲ್ಲಿ ಕಡೆಯುವುದು. ಮೂರರಲ್ಲೂ ಎದೆಯ ಸ್ನಾಯು ಬಲವಾಗಿ ಕುಗ್ಗಿ ಇಂಪ್ಲಾಂಟನ್ನು ಹೊರಕ್ಕೆ, ಮೇಲಕ್ಕೆ ತಳ್ಳುತ್ತದೆ. "ಒಂದು ಕಡಿ ಕಾಯಿ ತುರಿದರೆ ಏನಾಗ್ತದೆ" ಎಂದು ಅತ್ತೆಯೋ ಅಮ್ಮನೋ ಹೇಳಿದರೂ ಬೇಡ. ಸ್ಕೂಟರ್ ಸಾಮಾನ್ಯವಾಗಿ ಮೂರು ವಾರದ ಮೇಲೆ, ಅದೂ ಸರ್ಜನರು ಒಪ್ಪಿದರೆ. ಮಲ್ಪೆ, ಪಣಂಬೂರಿನ ಸಮುದ್ರಕ್ಕೆ ಇಳಿಯುವುದು ಗಾಯ ಪೂರ್ತಿ ಕೂಡಿದ ನಂತರವೇ. ಬೀಡಿ, ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಬೇಕು, ಇಲ್ಲದಿದ್ದರೆ ಚರ್ಮಕ್ಕೆ ರಕ್ತ ಸಾಲದೆ ಗಾಯ ಕೊಳೆಯುತ್ತದೆ. ಎಕೋಸ್ಪ್ರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಮೊದಲ 48 ಗಂಟೆ ಆಸ್ಪತ್ರೆಯ ಹತ್ತಿರವೇ ಇರಿ. ಒಂದು ಕಡೆ ಮಾತ್ರ ಬೇಗ ಬೇಗ ಊದಿ, ಕಲ್ಲಿನಂತೆ ಬಿಗಿದು, ನೀಲಿಗಟ್ಟಿದರೆ ಒಳಗೆ ರಕ್ತ ಸೇರುತ್ತಿದೆ ಎಂದರ್ಥ. ಅದನ್ನು ಗಂಟೆಗಳ ಒಳಗೆ ತೆರೆದು ತೆಗೆಯಬೇಕು. ಕುಂದಾಪುರ, ಪುತ್ತೂರಿನವರು ಒಂದು ರಾತ್ರಿ ಹೆಚ್ಚು ಉಳಿಯುವುದು ಲೇಸು. ಸಕಲೇಶಪುರ ಕಡೆಯವರಂತೂ ಶಿರಾಡಿ ಘಾಟಿಯನ್ನು ನಂಬಿ ಮರುದಿನವೇ ಹೊರಡಬಾರದು. ಜ್ವರ, ಕೆಂಪು, ಕೀವು ಕಂಡರೆ ಮನೆಯ ಪಕ್ಕದ ಕ್ಲಿನಿಕ್ಕಿನಲ್ಲಿ ಮಾತ್ರೆ ಬರೆಸಿಕೊಂಡು ದಿನ ಕಳೆಯಬೇಡಿ. ಸೋಂಕು ಚೀಲಕ್ಕೆ ಅಂಟಿದರೆ ಅನೇಕ ಸಲ ಚೀಲ ತೆಗೆದು, ಕೆಲವು ತಿಂಗಳು ಬಿಟ್ಟು ಹೊಸದು ಹಾಕಬೇಕಾಗುತ್ತದೆ.

ಹಣದ ವಿಷಯ. ಸಲೈನ್ ಚೀಲ ಜೆಲ್‌ಗಿಂತ ಅಗ್ಗ, ಆದರೆ ಥಿಯೇಟರ್, ಅರಿವಳಿಕೆ, ಸರ್ಜನರ ಶುಲ್ಕ ಎರಡಕ್ಕೂ ಒಂದೇ. ಆದ್ದರಿಂದ ಒಟ್ಟು ಬಿಲ್ಲಿನಲ್ಲಿ ವ್ಯತ್ಯಾಸ ನೀವು ಎಣಿಸಿದಷ್ಟು ಇರುವುದಿಲ್ಲ. ಚೀಲದ ಬೆಲೆಯನ್ನು ಬೇರೆ ಸಾಲಿನಲ್ಲಿ ಬರೆದುಕೊಡಲು ಹೇಳಿ. ಆರೋಗ್ಯ ವಿಮೆಯಲ್ಲಿ ಸೌಂದರ್ಯದ ಆಪರೇಷನ್ನಿಗೆ ಹಣ ಬರುವುದಿಲ್ಲ. ಪಾಲಿಸಿಯಲ್ಲಿ ಎಕ್ಸ್‌ಕ್ಲೂಷನ್ 08 ಎಂಬ ಸಾಲು ನೋಡಿ, ಅದರಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಗೆ ವಿನಾಯಿತಿ ಇದೆ. ಕ್ಯಾನ್ಸರ್ ರೋಗಿಯ ಅರ್ಜಿಯನ್ನು "ಕಾಸ್ಮೆಟಿಕ್" ಎಂದು ತಳ್ಳಿಹಾಕಿದರೆ ಅದೇ ಸಾಲನ್ನು ತೋರಿಸಿ. ಸೌಂದರ್ಯಕ್ಕಾಗಿ ಮಾಡಿಸುವುದಕ್ಕೆ ಚಿಕಿತ್ಸೆಗೆ ಸಿಗುವ ಜಿಎಸ್‌ಟಿ ವಿನಾಯಿತಿಯೂ ಇಲ್ಲ, ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಿಕೊಳ್ಳಿ. ಸರ್ಜನರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಇರಬೇಕು, ಆಸ್ಪತ್ರೆಗೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು. ಬ್ಯೂಟಿ ಕ್ಲಿನಿಕ್ಕಿನ ಸಣ್ಣ ಕೋಣೆ ಈ ಕೆಲಸದ ಜಾಗ ಅಲ್ಲ.

ಪೆಟ್ಟಿಗೆ ತೆರೆಯುವ ಮೊದಲು ಆಮದು ಪರವಾನಗಿ ಸಂಖ್ಯೆ, ಆಮದುದಾರರ ವಿಳಾಸ, ಅವಧಿ ಮುಗಿಯುವ ದಿನ ಮೂರನ್ನೂ ಮನೆಯವರೊಬ್ಬರು ನೋಡಲಿ. ಒಳಗೆ ಬರುವ ಸ್ಟಿಕ್ಕರುಗಳಲ್ಲಿ ಒಂದು ಆಸ್ಪತ್ರೆಯ ಫೈಲಿಗೆ, ಒಂದು ನಿಮ್ಮ ಕಾರ್ಡಿಗೆ. ಕಾರ್ಡಿನಲ್ಲಿ ಸೀರಿಯಲ್ ನಂಬರಿನ ಜೊತೆಗೆ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂ.ಎಲ್. ತುಂಬಿದರು ಎಂದು ಕೈಬರಹದಲ್ಲಿ ಬರೆಸಿಕೊಳ್ಳಿ. ಹತ್ತು ವರ್ಷದ ಮೇಲೆ ಒಂದು ಕಡೆ ಇಳಿದಾಗ ಇನ್ನೊಂದಕ್ಕೆ ಸರಿಯಾದ ಜೊತೆ ಹುಡುಕಲು ಆ ಸಂಖ್ಯೆಯೇ ಬೇಕು. ಮ್ಯಾಮೊಗ್ರಾಂಗೆ ಹೋದಾಗ ಇದೇ ಕಾರ್ಡನ್ನು ಕೌಂಟರಿನಲ್ಲೇ ಕೊಡಿ. ಇಂಪ್ಲಾಂಟ್ ಇದ್ದವರಿಗೆ ಮಾಮೂಲಿ ನಾಲ್ಕು ಚಿತ್ರದ ಬದಲು ಎಂಟು ತೆಗೆಯಬೇಕು, ಚೀಲವನ್ನು ಹಿಂದಕ್ಕೆ ಸರಿಸಿ ಮುಂದಿನ ಅಂಗಾಂಶವನ್ನು ಮಾತ್ರ ಒತ್ತಿ ಇನ್ನೊಂದು ಸುತ್ತು. ಟೆಕ್ನಿಷಿಯನ್‌ಗೆ ಗೊತ್ತಿಲ್ಲದೆ ಒತ್ತಿದರೆ ಹಳೆಯ ಚೀಲ ಅಲ್ಲಿಯೇ ಒಡೆಯಬಹುದು, ಚೀಲದ ನೆರಳಿನಲ್ಲಿ ಗಂಟೊಂದು ಕಾಣದೆಯೂ ಉಳಿಯಬಹುದು.